ಚೆನ್ನೈ ಆರ್ಕೈವ್ಸ್‌ನಲ್ಲಿ ನಮ್ಮ ಪರವಾಗಿ ಕಾಗದ ಹುಡುಕಿಕೊಡೋ ಸರ್ವೀಸು: ಹನ್ನೊಂದು ದಿನ, 25,600 ರೂಪಾಯಿ, ಐದಕ್ಕೆ ಮೂರೂವರೆ

ಇಂಥದ್ದಕ್ಕೂ ರಿವ್ಯೂ ಬರೀತಾರಾ ಅಂತ ನಗಬೇಡಿ. ನಾನು ಇದಕ್ಕೆ ದುಡ್ಡು ಕೊಡೋ ಮುಂಚೆ ಯಾರಾದ್ರೂ ಕನ್ನಡದಲ್ಲಿ ಎರಡು ಸಾಲು ಬರೆದಿದಾರಾ ಅಂತ ಮೂರು ದಿನ ಹುಡುಕಿದೆ, ಒಂದೂ ಸಿಗಲಿಲ್ಲ. ಮಿಕ್ಸಿಗೆ ನಾನೂರು ರಿವ್ಯೂ ಇದಾವೆ, ಇದಕ್ಕೆ ಒಂದೂ ಇಲ್ಲ. ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ, ಪುರುಸೊತ್ತು ಇದ್ದೋರು ಓದಿ.

ಮೊದಲು ನನ್ನ ಕಥೆ. ಹೊಸಪೇಟೆ ಕಡೆ ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಹೇಳ್ತೀನಿ, ಪಾರ್ಟ್ ಟೈಮ್ ಪಿಎಚ್‌ಡಿ ಅಂತ ಆರು ವರ್ಷದಿಂದ ಎಳೀತಿದೀನಿ. ವಿಷಯ ಬ್ರಿಟಿಷರ ಕಾಲದ ಬಳ್ಳಾರಿ ಜಿಲ್ಲೆಯಲ್ಲಿ ಜಮೀನು ಯಾರ ಹತ್ರ ಎಷ್ಟಿತ್ತು, ಧಾತು ಬರ (1876ರಲ್ಲಿ ಶುರುವಾದ ದೊಡ್ಡ ಬರ) ಆದ್ಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಅಂದ್ರೆ ಸಿಂಪಲ್ಲಾಗಿ ಬಡವ ಬಲ್ಲಿದರ ಅಂತರ ಹೆಚ್ಚಾಯ್ತಾ ಕಡಿಮೆ ಆಯ್ತಾ ಅನ್ನೋದು. ಗೈಡ್ ಮೊದಲ ದಿನವೇ ಹೇಳಿದ್ರು, "ನೋಡಪ್ಪಾ, ಬಳ್ಳಾರಿ ಬಗ್ಗೆ ಬರೀಬೇಕಂದ್ರೆ ಬಳ್ಳಾರಿಯಲ್ಲಿ ಕೂತ್ಕೊಂಡು ಆಗಲ್ಲ, ಎಗ್ಮೋರಿಗೆ ಹೋಗು" ಅಂತ.

ಯಾಕೆ ಅಂತ ಕೆಲವರಿಗೆ ಗೊತ್ತಿರಲ್ಲ. 1800ರಲ್ಲಿ ನಿಜಾಮ ನಮ್ಮ ಈ ಸೀಮೆನ ಕಂಪನಿಗೆ ಬಿಟ್ಟುಕೊಟ್ಟ, ದತ್ತ ಮಂಡಲ ಅಂತ ಹೆಸರು ಬಂದಿದ್ದೇ ಅದರಿಂದ. ಆಗಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರೋವರೆಗೂ ನಾವು ಮದ್ರಾಸಿನೋರು. ನೂರೈವತ್ತು ವರ್ಷದ ಕಂದಾಯದ ಕಾಗದ ಎಲ್ಲಾ ಅಲ್ಲೇ, ಇವತ್ತು ತಮಿಳುನಾಡು ಆರ್ಕೈವ್ಸ್ ಅಂತ ಕರೆಯೋ ಎಗ್ಮೋರಿನ ಕೆಂಪು ಕಟ್ಟಡದಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದೋರು ಮುಂಬೈಗೆ ಹೋಗಬೇಕು, ಹಳೇ ಮೈಸೂರಿನೋರಿಗೆ ವಿಧಾನಸೌಧದಲ್ಲೇ ಸ್ಟೇಟ್ ಆರ್ಕೈವ್ಸ್ ಇದೆ, ಪುಣ್ಯವಂತರು. ಮಂಗಳೂರು ಕಡೆಯೋರೂ ನಮ್ಮ ಥರ ಚೆನ್ನೈ ಪಾಲೇ. ಒಂದೇ ರಾಜ್ಯ, ಹಳೇ ಕಾಗದ ಮಾತ್ರ ಬೇರೆ ಬೇರೆ ಊರಲ್ಲಿ.

ನಾನು ಒಂದು ಸಲ ಹೋಗಿದ್ದೆ, ನಾಲ್ಕು ದಿನ. ಗುಂತಕಲ್ ಮೇಲೆ ಟ್ರೈನು, ಲಾಡ್ಜು, ಯೂನಿವರ್ಸಿಟಿಯಿಂದ ಲೆಟರು, ಎಲ್ಲಾ ಸರಿಯಾಗೇ ಮಾಡ್ಕೊಂಡು ಹೋಗಿದ್ದೆ, ಒಳಗೆ ಕೂತ ಮೇಲೆ ಯಾವ ಕಟ್ಟು ಕೇಳಬೇಕು ಅನ್ನೋದೇ ಗೊತ್ತಾಗ್ಲಿಲ್ಲ. ನಾನು ಪೆದ್ದನ ಥರ "ಹರಪನಹಳ್ಳಿ ತಾಲ್ಲೂಕಿನ ಪಟ್ಟಾ ಲಿಸ್ಟ್" ಅಂತ ಬರ್ಕೊಂಡು ಹೋಗಿದ್ದೆ, ಪಟ್ಟಾ ಅಂದ್ರೆ ಯಾವ ಜಮೀನಿನ ಕಂದಾಯ ಯಾರ ಹೆಸರಲ್ಲಿ ಅನ್ನೋ ದಾಖಲೆ. ಅಲ್ಲಿ ಹಾಗೆ ಯಾವುದೂ ಇರಲ್ಲ. ಬೋರ್ಡ್ ಆಫ್ ರೆವೆನ್ಯೂ ಪ್ರೊಸೀಡಿಂಗ್ಸ್ (ಕಂದಾಯ ಮಂಡಳಿಯ ನಡಾವಳಿ) ಅಂತ ಒಂದು ಸಮುದ್ರ, ಅದಕ್ಕೆ ವರ್ಷ ವರ್ಷದ ಇಂಡೆಕ್ಸ್, ಇಂಡೆಕ್ಸಲ್ಲಿ ಊರ ಹೆಸರು ಹಳೇ ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ. ಹರಪನಹಳ್ಳಿ ಅಲ್ಲಿ ಹಾರ್ಪನೆಲ್ಲಿ. ನಮ್ಮೂರನ್ನೇ ನಾನು ಗುರುತು ಹಿಡೀದೆ ಪುಟ ತಿರುಗಿಸಿದೀನಿ. ನಾಲ್ಕು ದಿನದಲ್ಲಿ ಸಿಕ್ಕಿದ್ದು ಎರಡೂವರೆ ಪುಟ ನೋಟ್ಸು ಮತ್ತೆ ಹೊಟ್ಟೆನೋವು. ಕಾಲೇಜಲ್ಲಿ ರಜೆ ಇಲ್ಲ, ಸೆಮಿಸ್ಟರ್ ಅಂತ ಬಂದ್ಮೇಲೆ ಮೇಷ್ಟ್ರಿಗೆ ಉಸಿರಾಡೋಕೂ ಟೈಮಿಲ್ಲ, ಹಂಗಾಗಿ ಮತ್ತೆ ಹೋಗೋ ದಾರಿನೂ ಕಾಣ್ಲಿಲ್ಲ.

ಆಗ ಪರಿಚಯದ ಒಬ್ಬರು ಈ ಸರ್ವೀಸ್ ನಂಬರ್ ಕೊಟ್ಟಿದ್ದು. ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಬೈದೂ ಇದೀನಿ, ಅವರದು ಸಣ್ಣ ವ್ಯವಹಾರ, ಅನ್ನ ಕೀಳೋ ಆಸೆ ನನಗಿಲ್ಲ. ಇಬ್ಬರೇ ಇರೋದು. ಒಬ್ಬರು ವಯಸ್ಸಾದ ಯಜಮಾನರು, ಎಷ್ಟೋ ವರ್ಷದಿಂದ ಹೊರಗಿನ ಸಂಶೋಧಕರಿಗೆ ಇದೇ ಕೆಲಸ ಮಾಡ್ಕೊಡ್ತಾ ಬಂದೋರು. ಇನ್ನೊಬ್ಬರು ಹಿಸ್ಟರಿ ಓದಿರೋ ಮೇಡಂ, ಹೊಸೂರು ಕಡೆಯೋರಂತೆ, ಫೋನೆತ್ತಿದ ತಕ್ಷಣ "ಹೇಳಿ ಸಾರ್" ಅಂತ ಕನ್ನಡದಲ್ಲೇ ಶುರು ಮಾಡಿದ್ರು. ನಾನು ಅಷ್ಟಕ್ಕೇ ಕರಗಿಹೋದೆ. ಅದೇ ನನ್ನ ಮೊದಲ ತಪ್ಪು, ಯಾಕೆ ಅಂತ ಆಮೇಲೆ ಹೇಳ್ತೀನಿ.

ರೇಟು ನೇರವಾಗಿ ಹೇಳ್ಬಿಡ್ತೀನಿ, ಇದನ್ನ ಯಾರೂ ಹೇಳಲ್ಲ. ದಿನಕ್ಕೆ 1,800, ಕನಿಷ್ಠ ಐದು ದಿನ ಬುಕ್ ಮಾಡ್ಬೇಕು, ಅರ್ಧ ಅಡ್ವಾನ್ಸು. ಕೈಬರಹದ ಪುಟ ಓದಿ ಟೈಪ್ ಮಾಡ್ಕೊಟ್ರೆ ಪುಟಕ್ಕೆ 60. ನನಗೆ ಹನ್ನೊಂದು ದಿನ ಹಿಡೀತು, ಅದು 19,800, ಟೈಪಿಂಗ್ 74 ಪುಟ 4,440, ನಕಲು ಫೀಸು ಕೊರಿಯರ್ರು ಎಲ್ಲಾ ಸೇರಿ 1,360. ಒಟ್ಟು 25,600. ಮನೇಲಿ ಹೇಳಿದಾಗ "ಸತ್ತೋರ ಪಹಣಿಗೆ ಇಷ್ಟು ದುಡ್ಡಾ" ಅಂದ್ರು. ಉತ್ತರ ಇರ್ಲಿಲ್ಲ.

ಈಗ ಒಳ್ಳೇದು ಹೇಳ್ತೀನಿ, ತುಂಬಾ ಇದೆ.

ಮೊದಲ ಫೋನಲ್ಲಿ ನಾನು ಒಂದು ದೊಡ್ಡ ಲಿಸ್ಟ್ ಓದಿದೆ. ಅದರಲ್ಲಿ 1855ರ ಟಾರ್ಚರ್ ಕಮಿಷನ್ ರಿಪೋರ್ಟೂ ಇತ್ತು, ಕಂದಾಯ ವಸೂಲಿಗೆ ರೈತರ ಬೆರಳಿಗೆ ಕಿಟ್ಟಿ ಹಾಕಿ ಹಿಂಡೋದು, ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸೋದು, ಇದೆಲ್ಲಾ ಮದ್ರಾಸ್ ಸರ್ಕಾರವೇ ವಿಚಾರಣೆ ಮಾಡಿ ಬರೆಸಿದ್ದು. 1872ರ ಬಳ್ಳಾರಿ ಮ್ಯಾನುಯಲ್ಲೂ (ಜಿಲ್ಲೆಯ ಕೈಪಿಡಿ) ಇತ್ತು. ಯಜಮಾನರು ಸುಮ್ನೆ ಕೇಳಿಸ್ಕೊಂಡು, "ಸಾರ್, ಇವೆರಡೂ ಅಚ್ಚಾಗಿರೋ ಪುಸ್ತಕ, ಸ್ಕ್ಯಾನು ಇಂಟರ್ನೆಟ್ಟಲ್ಲೇ ಇದೆ, ಅದಕ್ಯಾಕೆ ನಮಗೆ ದಿನಗೂಲಿ ಕೊಡ್ತೀರಿ" ಅಂದ್ರು. ಬಾಯಿಮುಚ್ಕೊಂಡು ಎರಡು ದಿನದ ದುಡ್ಡು ತಗೊಂಡಿದ್ರೆ ನನಗೇನು ಗೊತ್ತಾಗ್ತಿತ್ತು? ಅಲ್ಲಿಗೇ ನಂಬಿಕೆ ಬಂತು.

ಎರಡನೇದು, ಇದು ಇನ್ನೂ ದೊಡ್ಡದು. ನನ್ನ ಇಡೀ ಯೋಜನೆ ನಿಂತಿದ್ದು ರೆಂಟ್ ರೋಲ್ ಮೇಲೆ. ಅದೇನು ಅಂದ್ರೆ, ರೈತವಾರಿ ಪದ್ಧತಿಯಲ್ಲಿ (ಮಧ್ಯೆ ಜಮೀನ್ದಾರ ಇಲ್ಲದೆ ರೈತ ನೇರವಾಗಿ ಸರ್ಕಾರಕ್ಕೆ ಕಟ್ಟೋದು) ಪ್ರತಿ ಪಟ್ಟಾದಾರ ಸರ್ಕಾರಕ್ಕೆ ಎಷ್ಟು ಕಂದಾಯ ಕಟ್ತಾನೆ ಅನ್ನೋದರ ಮೇಲೆ ಪಟ್ಟಾಗಳನ್ನ ತರಗತಿ ಮಾಡಿರ್ತಾರೆ. ಹತ್ತು ರೂಪಾಯಿಗಿಂತ ಕಮ್ಮಿ ಕಟ್ಟೋರು, ಹತ್ತರಿಂದ ಮೂವತ್ತು, ಮೂವತ್ತರಿಂದ ಐವತ್ತು, ಐವತ್ತರಿಂದ ನೂರು, ಹಿಂಗೇ ಮೇಲಕ್ಕೆ ಹೋಗಿ ಸಾವಿರ ದಾಟಿದೋರವರೆಗೆ. ಎಕನಾಮಿಕ್ಸ್‌ನೋರಿಗೆ ಇದು ಹಬ್ಬದೂಟ, ರೆಡಿಮೇಡ್ ಟೇಬಲ್ಲು, ಗಿನಿ (ಅಸಮಾನತೆ ಅಳೆಯೋ ಸಂಖ್ಯೆ) ಲೆಕ್ಕ ಹಾಕಿ ಗ್ರಾಫ್ ಎಳೆದು ಚಾಪ್ಟರ್ ಮುಗಿಸಬಹುದು. ಆರ್ಥಿಕ ಇತಿಹಾಸಕಾರ್ತಿ ಧರ್ಮಾ ಕುಮಾರ್ 1975ರಲ್ಲಿ ಇಡೀ ಮದ್ರಾಸ್ ಪ್ರಾಂತ್ಯದ ಪಟ್ಟಾ ಲೆಕ್ಕ ಇಟ್ಕೊಂಡು 1853ರಿಂದ 1947ರ ತನಕ ನೋಡಿ, ಜಮೀನಿನ ಅಸಮಾನತೆ ಎಲ್ಲರೂ ಅಂದ್ಕೊಂಡ ಹಾಗೆ ಏರಿಲ್ಲ ಅಂತ ವಾದ ಮಾಡಿದ್ರು, ಆ ಜಗಳ ಇವತ್ತಿಗೂ ಮುಗಿದಿಲ್ಲ. ನಾನೂ ಅದೇ ದಾರೀಲಿ ಒಂದು ಜಿಲ್ಲೆ ಮಟ್ಟಕ್ಕೆ ಇಳಿದು ನೋಡೋಣ ಅಂತ ಹೊರಟಿದ್ದೆ.

ಮೂರನೇ ದಿನ ಮೇಡಂ ಫೋನ್ ಮಾಡಿ, "ಸಾರ್ ನೀವು ಪಟ್ಟಾ ಮಾತ್ರ ಕೇಳ್ತಿದೀರಿ, ಇನಾಮು ಬೇಡ್ವಾ? ಪಟ್ಟಾ ಮಾತ್ರ ನೋಡಿದ್ರೆ ಊರಲ್ಲಿ ದೊಡ್ಡೋರೆಲ್ಲಾ ಸಣ್ಣೋರ ಥರ ಕಾಣ್ತಾರೆ" ಅಂದ್ರು.

ನಾನು ಫೋನ್ ಹಿಡ್ಕೊಂಡು ಸ್ಟಾಫ್ ರೂಮಲ್ಲಿ ಹಂಗೇ ನಿಂತೆ. ಎಷ್ಟು ಸರಿ ನೋಡಿ. ಶಾನುಭೋಗ, ಗೌಡ, ತಳವಾರ, ದೇವಸ್ಥಾನ, ಮಠ, ಇವರದೆಲ್ಲಾ ಜಮೀನು ಇನಾಮು. ಪೂರ್ತಿ ಕಂದಾಯ ಇಲ್ಲ, ಜೋಡಿ ಅಂತ ಕಮ್ಮಿ ಕಂದಾಯ ಕಟ್ಟಿದ್ರೆ ಮುಗೀತು. ಊರ ಒಳ್ಳೇ ನೀರಾವರಿ ಗದ್ದೆ ಶಾನುಭೋಗರ ಮನೆಯದೇ ಆಗಿದ್ರೂ ಪಟ್ಟಾ ಲೆಕ್ಕದಲ್ಲಿ ಅವರು ಎಂಟು ರೂಪಾಯಿ ಕಟ್ಟೋ ಬಡ ರೈತ ಅಂತ ಕೂತಿರಬಹುದು. ಅವರನ್ನ ಹಿಡೀಬೇಕಂದ್ರೆ ಇನಾಮ್ ಕಮಿಷನ್ 1858ರಿಂದ ಮಾಡಿದ ಇನಾಮ್ ಫೇರ್ ರಿಜಿಸ್ಟರ್ ನೋಡ್ಬೇಕು, ಊರಿಗೊಂದು, ಯಾರಿಗೆ ಯಾವ ಕಾರಣಕ್ಕೆ ಯಾವಾಗ ಕೊಟ್ಟ ಇನಾಮು, ಈಗ ಯಾರ ಕೈಲಿದೆ ಅಂತ ಕಾಲಂ ಕಾಲಂ ಆಗಿ. ನಮ್ಮ ಕಡೆ ದಸಬಂದ ಇನಾಮು ಅಂತ ಬೇರೆ ಇದೆ, ಕೆರೆ ಕಟ್ಟಿಸಿದೋನಿಗೆ, ಅದನ್ನ ರಿಪೇರಿ ಮಾಡಿಸ್ತಾ ಇರೋನಿಗೆ ಕೊಟ್ಟ ಜಮೀನು, ಶಾಸನದಲ್ಲಿ ಕಟ್ಟುಕೊಡಗೆ ಅಂತ ಬರೋದರ ತಮ್ಮ ಅನ್ನಿ. ಕೆರೆ ಕಟ್ಟಿದೋನ ಮೊಮ್ಮಕ್ಕಳು ಕೆರೆ ಹೂಳು ತುಂಬಿದ್ರೂ ಜಮೀನು ಉಣ್ತಾ ಇರೋದು, ಅದೂ ಅಸಮಾನತೆಯೇ ತಾನೇ. ಆರು ವರ್ಷ ಈ ವಿಷಯ ಹೊತ್ಕೊಂಡು ತಿರುಗಿದ ನನಗೆ ಇದು ಹೊಳೀಲಿಲ್ಲ, ದಿನಕ್ಕೆ 1,800 ತಗೊಳ್ಳೋ ಮೇಡಂಗೆ ಹೊಳೀತು. ಈ ಒಂದು ಫೋನ್ ಕಾಲ್‌ಗೇ ದುಡ್ಡು ವಸೂಲು ಅಂತ ನಾನು ಎಲ್ಲರ ಹತ್ರ ಹೇಳ್ತೀನಿ.

ಯಜಮಾನರದೂ ಒಂದು ಇದೆ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆ ಆಯ್ತು. ಅಂದ್ರೆ ಅದಕ್ಕಿಂತ ಮುಂಚೆ "ಬಳ್ಳಾರಿ ಜಿಲ್ಲೆ ಒಟ್ಟು" ಅಂತ ಇರೋ ಸಂಖ್ಯೆಯಲ್ಲಿ ಅನಂತಪುರವೂ ಸೇರಿರುತ್ತೆ, ಆಮೇಲಿನದರಲ್ಲಿ ಇರಲ್ಲ. ಗೊತ್ತಿಲ್ಲದೆ ಎರಡನ್ನೂ ಪಕ್ಕ ಪಕ್ಕ ಇಟ್ರೆ ಬರದಲ್ಲಿ ಅರ್ಧ ಜಿಲ್ಲೆ ಸತ್ತುಹೋಯ್ತು ಅನ್ನೋ ಥರ ಕಾಣುತ್ತೆ. ಬರದಲ್ಲಿ ಸತ್ತಿದ್ದು ಕಮ್ಮಿಯೇನಲ್ಲ, ಆದ್ರೆ ಲೆಕ್ಕ ಲೆಕ್ಕವೇ. ಅವರು ಪ್ರತಿ ಟೇಬಲ್ ಮೇಲೂ ಪೆನ್ಸಿಲಲ್ಲಿ "ಅನಂತಪುರ ಸೇರಿ", "ಅನಂತಪುರ ಬಿಟ್ಟು" ಅಂತ ಬರೆದು ಕಳ್ಸಿದಾರೆ. ಆಲೂರು, ಆದೋನಿ, ರಾಯದುರ್ಗ 1953ರಲ್ಲಿ ಆಂಧ್ರದ ಕಡೆಗೆ ಹೋಗಿರೋದ್ರಿಂದ ಆ ತಾಲ್ಲೂಕುಗಳನ್ನ ಬೇರೆ ಶೀಟ್ ಮಾಡಿದಾರೆ. ಹರಪನಹಳ್ಳಿದು ಅವರಿಗೆ ಗೊತ್ತಿರ್ಲಿಲ್ಲ, 1997ರಲ್ಲಿ ದಾವಣಗೆರೆಗೆ ಹೋಗಿ, ವಾಪಸ್ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆ ಅಂದಾಗ ಯಜಮಾನರು ಫೋನಲ್ಲೇ "ಅಯ್ಯಯ್ಯೋ" ಅಂದ್ರು.

ಓದೋ ಸಾಮರ್ಥ್ಯನೂ ಹೇಳ್ಬೇಕು. ಆ ಕಾಲದ ಕಾಪಿ ಬರೆಯೋ ಗುಮಾಸ್ತರ ಇಂಗ್ಲಿಷ್ ಕೈಬರಹ ನೋಡೋಕೆ ಚೆಂದ, ಓದೋಕೆ ಜೀವ ಹೋಗುತ್ತೆ. ಕೈಬರಹ ಓದುತ್ತೆ ಅನ್ನೋ ಒಂದು ಮೊಬೈಲ್ ಆಪಿಗೆ ಒಂದು ಪುಟ ಹಾಕಿ ನೋಡಿದ್ದೆ, ಊರ ಹೆಸರು ಬಂದ ಕಡೆಯೆಲ್ಲಾ ಅದಕ್ಕೆ ತೋಚಿದ್ದು ಬರ್ಕೊಂಡು ಹೋಗಿತ್ತು. ಇವರು ಟೈಪ್ ಮಾಡಿದ 74 ಪುಟದಲ್ಲಿ ನಾನು ನಕಲಿನ ಜೊತೆ ತಾಳೆ ನೋಡಿದ ಇಪ್ಪತ್ತು ಪುಟಕ್ಕೆ ಆರೇಳು ತಪ್ಪು ಅಷ್ಟೇ. ವರಹ, ಹಣ, ಕಾಸು ಇರೋ ಹಳೇ ಲೆಕ್ಕವನ್ನ ರೂಪಾಯಿಗೆ ತಿರುಗಿಸದೇ ಇದ್ದ ಹಾಗೇ ಬರೆದು, ಪಕ್ಕದಲ್ಲಿ ಒಂದು ಸ್ಟಾರ್ ವರಹಕ್ಕೆ ಮೂರೂವರೆ ರೂಪಾಯಿ ಅಂತ ನೋಟ್ ಹಾಕಿದ್ರು, ಅದೇ ಸರಿಯಾದ ಕ್ರಮ. ತಾವೇ ತಿರುಗಿಸಿ ಕೊಟ್ರೆ ಆಮೇಲೆ ಯಾರು ಎಲ್ಲಿ ತಪ್ಪಿದ್ರು ಗೊತ್ತೇ ಆಗಲ್ಲ. ಥಾಮಸ್ ಮನ್ರೋ ಬಗ್ಗೆ ಕೇಳಿದ್ದ ಕಾಗದನೂ ತೆಗೆದುಕೊಟ್ರು. ಅವನು 1800ರಿಂದ 1807ರ ತನಕ ಇಲ್ಲಿನ ಪ್ರಿನ್ಸಿಪಲ್ ಕಲೆಕ್ಟರು, ಊರೂರು ಅಳೆಸಿ ಕಂದಾಯ ಕಟ್ಟಿಸಿದೋನು ಅವನೇ, ಆಮೇಲೆ 1807ರಲ್ಲಿ ಇದು ಜಾಸ್ತಿಯಾಯ್ತು 25% ಇಳಿಸಿ ಅಂತ ಮೇಲಕ್ಕೆ ಬರೆದೋನೂ ಅವನೇ. ಇಳಿಸಿದ್ದು ಮಾತ್ರ ಅವನೇ ಗವರ್ನರ್ ಆಗಿ ವಾಪಸ್ ಬಂದ್ಮೇಲೆ. ಈ ಕಡೆ ಜನ ಮನ್ರೋ ಅಂದ್ರೆ ದೇವರು ಅನ್ನೋ ಥರ ಮಾತಾಡ್ತಾರೆ, ಮಕ್ಕಳಿಗೆ ಹೆಸರು ಇಟ್ಟಿದಾರೆ, ನನಗೆ ಆ ಹದಿಮೂರು ವರ್ಷ ಜಾಸ್ತಿ ಕಟ್ಟಿದ ರೈತನ ಲೆಕ್ಕ ಯಾರು ಕೊಡ್ತಾರೆ ಅನ್ಸುತ್ತೆ. ಇರ್ಲಿ, ಇದು ರಿವ್ಯೂ.

ಈಗ ಬೈಯೋ ಭಾಗ.

ಮೊದಲನೇ ತೊಂದರೆ ಎಕ್ಸೆಲ್ ಶೀಟು. ರೆಂಟ್ ರೋಲಲ್ಲಿ ಸಿಂಗಲ್ ಪಟ್ಟಾ ಬೇರೆ ಜಾಯಿಂಟ್ ಪಟ್ಟಾ ಬೇರೆ. ಜಾಯಿಂಟ್ ಅಂದ್ರೆ ಅಣ್ಣ ತಮ್ಮ, ದಾಯಾದಿಗಳು, ಪಾಲಿಗೆ ಸೇರಿದೋರು ಒಂದೇ ಪಟ್ಟಾದಲ್ಲಿ. ಇವರು ನೀಟಾಗಿ ಕಾಣ್ಲಿ ಅಂತ ಎರಡನ್ನೂ ಕೂಡಿಸಿ ಒಂದೇ ಕಾಲಂ ಮಾಡಿ, ಜಾಯಿಂಟಲ್ಲಿ ಎಷ್ಟು ಪಾಲುದಾರರು ಅನ್ನೋದನ್ನೇ ಬಿಟ್ಟುಬಿಟ್ಟಿದಾರೆ! ನೋಡಿ, ನಲವತ್ತು ರೂಪಾಯಿ ಪಟ್ಟಾ ಒಬ್ಬನದಾದ್ರೆ ಅವನು ಅನುಕೂಲಸ್ಥ, ಅದೇ ನಲವತ್ತು ಐದು ಜನ ಅಣ್ಣತಮ್ಮಂದಿರದ್ದಾದ್ರೆ ತಲೆಗೆ ಎಂಟು, ಪಾಪದೋರು. ಆ ಒಂದು ಕಾಲಂ ಇಲ್ಲ ಅಂದ್ರೆ ನನ್ನ ಪಾಲಿಗೆ ಆ ಟೇಬಲ್ಲೇ ಇಲ್ಲ. ಕೇಳಿದ್ದಕ್ಕೆ "ನೀವು ಪಟ್ಟಾ ಸಂಖ್ಯೆ ಅಂತ ಹೇಳಿದ್ರಿ ಸಾರ್" ಅಂದ್ರು. ನಾನು ಕಳಿಸಿದ ವಾಟ್ಸಾಪ್ ತೆಗೆದು ನೋಡಿದ್ರೆ ಹಾಗೇ ಇದೆ, "ಪಟ್ಟಾ ಸಂಖ್ಯೆ" ಅಂತ. ವಾಪಸ್ ಹೋಗಿ ಬರ್ಕೊಂಡು ಬಂದ್ರು, ಆದ್ರೆ ಒಂದೂವರೆ ದಿನದ ಚಾರ್ಜು ಹಾಕಿದ್ರು. ಅರ್ಧ ಕೊಡ್ತೀನಿ ಅಂತ ನಾನು, ಪೂರ್ತಿ ಅಂತ ಅವರು, ಕೊನೆಗೆ ಒಂದು ದಿನಕ್ಕೆ ಒಪ್ಪಂದ. ಹನ್ನೊಂದರಲ್ಲಿ ಅದೊಂದು.

ಎರಡನೇದು ಫಸಲಿ. ಮದ್ರಾಸಿನ ಕಂದಾಯ ಲೆಕ್ಕ ಎಲ್ಲಾ ಫಸಲಿ ವರ್ಷದಲ್ಲಿ, ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿಯುತ್ತೆ, ಫಸಲಿಗೆ 590 ಕೂಡಿಸಿದ್ರೆ ಇಂಗ್ಲಿಷ್ ವರ್ಷ. ಫಸಲಿ 1286 ಅಂದ್ರೆ 1876ರ ಜುಲೈಯಿಂದ 1877ರ ಜೂನ್. ಇವರು ಎಕ್ಸೆಲಲ್ಲಿ ಬರೀ "1876" ಅಂತ ಹಾಕಿಬಿಟ್ಟಿದಾರೆ. ಬೇರೆ ಯಾವ ವರ್ಷ ಆಗಿದ್ರೂ ಹೋಗ್ಲಿ ಅನ್ನಬಹುದಿತ್ತು. ಇದು ಧಾತು ಸಂವತ್ಸರ! 1876ರ ಮಳೆ ಕೈಕೊಟ್ಟಿದ್ದು, ವೈಸರಾಯ್ ಲಿಟ್ಟನ್ ರಿಚರ್ಡ್ ಟೆಂಪಲ್‌ನ ಕಳ್ಸಿದ್ದು, 1877ರ ಜನವರಿಯಲ್ಲಿ ಅವನು ಬರಗಾಲ ಕಾಮಗಾರಿಯ ಕೂಲಿನ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಜೊತೆಗೆ ಒಂದಾಣೆ ಅಂತ ಕುಯ್ದಿದ್ದು, ಎಲ್ಲಾ ಒಂದೇ ಫಸಲಿಯಲ್ಲಿ ಆಗಿದ್ದು. ಇವರ ಶೀಟಲ್ಲಿ ಕಂದಾಯ 1876ರ ಸಾಲಲ್ಲಿ, ಕೂಲಿ ಕಾಗದ 1877ರ ಸಾಲಲ್ಲಿ, ಹಂಗಾಗಿ ಫಸಲಿ 1287ರ ಪಕ್ಕ ಹೋಗಿ ಕೂತಿದೆ. ಆ ಕೂಲಿ ಸಾಲಲ್ಲ, ಜನ ಸಾಯ್ತಾರೆ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಜಗಳ ಆಡಿದ ಕಾಗದಗಳನ್ನೂ ತರಿಸಿದ್ದೆ, ಅವೂ ಅಲ್ಲೇ. ನಾನು ಗಮನಿಸದೇ ಇದ್ದಿದ್ರೆ ಕಂದಾಯ ಒಂದು ವರ್ಷ, ಹಸಿವು ಇನ್ನೊಂದು ವರ್ಷ ಅಂತ ಚಾಪ್ಟರ್ ಬರೆದು ಸಬ್ಮಿಟ್ ಮಾಡಿರ್ತಿದ್ದೆ. ಎರಡು ರಾತ್ರಿ ಕೂತು ನಾನೇ ಸರಿ ಮಾಡ್ದೆ. ಇದಕ್ಕೆ ಮಾತ್ರ ಅವರು ಸಾರಿ ಕೇಳಿದ್ರು, ಮುಂದಿನ ಸಲ ಫಸಲಿನೇ ಹಾಕ್ತೀವಿ ಅಂದ್ರು.

ಮೂರನೇದು ನನಗೆ ಇವತ್ತಿಗೂ ಹೊಟ್ಟೆ ಉರಿಯೋದು. ಮೇಡಂ ಕನ್ನಡ ಮಾತಾಡ್ತಾರೆ ಅಂದೆನಲ್ಲ, ಕನ್ನಡ ಓದೋಕೆ ಬರಲ್ಲ. ನಾನು ಕೇಳ್ಲೇ ಇಲ್ಲ, ಮಾತಾಡೋರು ಓದ್ತಾರೆ ಅಂತ ಅಂದ್ಕೊಂಡೆ. ಯಜಮಾನರಿಗೆ ತಮಿಳು ಇಂಗ್ಲಿಷ್ ಎರಡೇ. ಕಲೆಕ್ಟರ್ ಬೋರ್ಡಿಗೆ ಕಳಿಸಿದ ಇಂಗ್ಲಿಷ್ ಕಾಗದದ ಹಿಂದೆ ಕೆಲವು ಸಲ ಲಗತ್ತು ಇರುತ್ತೆ, ಅರ್ಜಿ, ತಹಸೀಲ್ದಾರನ ಪಟ್ಟಿ, ಇಂಥವು. ಕನ್ನಡದಲ್ಲಿ, ತೆಲುಗಲ್ಲಿ, ಹಳೇ ಕಾಲದ್ದಾದ್ರೆ ಮರಾಠಿಯಲ್ಲೂ, ಯಾಕಂದ್ರೆ ಆಗ ಲೆಕ್ಕ ಬರೆಯೋ ಎಷ್ಟೋ ಗುಮಾಸ್ತರು ಮರಾಠಿಯವರು. ಬರದ ವರ್ಷದ ಒಂದು ಕಟ್ಟಲ್ಲಿ ಇವರು ಇಂಗ್ಲಿಷ್ ಕಾಗದ ಪೂರ್ತಿ ಟೈಪ್ ಮಾಡಿ ಕೊನೇಲಿ ಒಂದೇ ಸಾಲು ಹಾಕಿದಾರೆ: "ಲಗತ್ತು, ದೇಶಭಾಷೆ, ಕಾಪಿ ಮಾಡಿಲ್ಲ." ಎಷ್ಟು ಪುಟ ಅಂತಲೂ ಬರೆದಿಲ್ಲ!

ನನಗೆ ಬೇಕಾಗಿದ್ದೇ ಅದು. ಇಂಗ್ಲಿಷ್ ಕಾಗದದಲ್ಲಿ ಕಲೆಕ್ಟರು "ರೈತರು ರಿಮಿಷನ್ (ಕಂದಾಯ ಮಾಫಿ) ಕೇಳಿದಾರೆ, ಕೆಲವರು ಜಮೀನು ರಾಜೀನಾಮೆ ಕೊಟ್ಟಿದಾರೆ" ಅಂತ ಒಂದು ವಾಕ್ಯದಲ್ಲಿ ಮುಗಿಸಿರ್ತಾನೆ. ಯಾರು ಬಿಟ್ರು, ಬಿಟ್ಟ ಜಮೀನಿಗೆ ಮರು ವರ್ಷ ದರಖಾಸ್ತು ಹಾಕಿದೋನ್ಯಾರು, ಬಿಟ್ಟೋನು ಆಮೇಲೆ ಅವನ ಹತ್ರವೇ ಗೇಣಿಗೆ ಬಂದನಾ, ಇದೆಲ್ಲಾ ಇದ್ರೆ ಆ ಲಗತ್ತಲ್ಲಿ ಇರ್ಬೇಕು. ಪಟ್ಟಾ ಸಂಖ್ಯೆ ಬರದ ಮುಂಚೆ ನೂರಿದ್ದು ಬರ ಆದ್ಮೇಲೂ ನೂರೇ ಇರಬಹುದು, ಒಳಗಿನ ಹೆಸರು ಪೂರ್ತಿ ಬದಲಾಗಿರಬಹುದು. ಟೇಬಲ್ ನೋಡಿದ್ರೆ ಏನೂ ಆಗೇ ಇಲ್ಲ ಅನ್ಸುತ್ತೆ. ಅಂತೂ ದುಡ್ಡು ಕೊಟ್ಟು ತರಿಸಿದ ಇಂಗ್ಲಿಷ್ ಕಾಗದದಲ್ಲಿ ನನ್ನ ಪ್ರಶ್ನೆ ಇದೆ, ಉತ್ತರ ಕನ್ನಡದಲ್ಲಿ ಎಗ್ಮೋರಲ್ಲೇ ಉಳೀತು.

ಮತ್ತೆ ಪಟ್ಟಾನೇ ಇಲ್ಲದೋರು ಅಂತೂ ಈ ಯಾವ ರಿಜಿಸ್ಟರಲ್ಲೂ ಹೆಸರಿಲ್ಲದೋರು, ಹೊಲಗೇರಿ ಮಾದಿಗರ ಕೇರಿಯ ಜೀತದಾಳು, ಕೂಲಿಯೋರು. ಅವರು ಬರೋದು ಸೆನ್ಸಸ್ಸಲ್ಲಿ ಒಂದು ಒಟ್ಟು ಸಂಖ್ಯೆಯಾಗಿ, ಇಲ್ಲಾ ಬರದ ಕ್ಯಾಂಪಿನ ಲೆಕ್ಕದಲ್ಲಿ ತಲೆ ಎಣಿಕೆಯಾಗಿ. ಇದಕ್ಕೆ ಯಾವ ಸರ್ವೀಸನ್ನೂ ಬೈದು ಪ್ರಯೋಜನ ಇಲ್ಲ. ಆದ್ರೂ ಕ್ಯಾಂಪಿನ ಕಾಗದ ಏನಾದ್ರೂ ಇದ್ರೆ ನೋಡಿ ಅಂತ ಎರಡು ಸಲ ಹೇಳಿದ್ದೆ, ಎರಡು ಸಲವೂ "ಆಗ್ಲಿ ಸಾರ್" ಅಂದ್ರು, ಅದರ ಸುದ್ದಿ ಮತ್ತೆ ಬರ್ಲೇ ಇಲ್ಲ. ರೆಫರೆನ್ಸ್ ಮಾತ್ರ ಎಲ್ಲಕ್ಕೂ ಕೊಟ್ಟಿದಾರೆ, ಜಿಓ (ಸರ್ಕಾರಿ ಆದೇಶ) ನಂಬರು, ತಾರೀಖು, ಬೋರ್ಡ್ ಪ್ರೊಸೀಡಿಂಗ್ಸ್ ಆದ್ರೆ ವಾಲ್ಯೂಮು ಪುಟ, ಎರಡೇ ಎರಡು ಕಡೆ ಪುಟ ಸಂಖ್ಯೆ ಬಿಟ್ಟಿತ್ತು.

ಟೈಮಿಂಗ್ ಬಗ್ಗೆ: ಹೇಳಿದ್ದು ಮೂರು ವಾರ, ಆಗಿದ್ದು ಏಳು ವಾರ. ಮಧ್ಯೆ ಪೊಂಗಲ್ ಬಂತು, ಯಜಮಾನರಿಗೆ ಮಂಡಿನೋವು ಬಂತು. ಫೋನ್ ಎತ್ತದೇ ಇರೋ ಜನ ಅಲ್ಲ, ಅದಕ್ಕೆ ಕ್ಷಮಿಸಿದೀನಿ. ಬಿಲ್ಲು ಕೇಳಿದ್ರೆ ಕೈಯಲ್ಲಿ ಬರೆದ ರಸೀದಿ ಕೊಡ್ತಾರೆ, ಕಾಲೇಜಿನ ಗ್ರಾಂಟಲ್ಲಿ ತೋರಿಸಬೇಕು ಅನ್ನೋರು ಮೊದಲೇ ಮಾತಾಡ್ಕೊಳ್ಳಿ, ನನ್ನ ರಸೀದಿ ನೋಡಿ ನಮ್ಮ ಆಫೀಸ್ ಸೂಪರಿಂಟೆಂಡೆಂಟ್ ಎರಡು ಸಲ ಕನ್ನಡಕ ಒರೆಸ್ಕೊಂಡ್ರು.

ಯಾರಾದ್ರೂ ಇವರ ಥರದೋರಿಗೆ ಕೆಲಸ ಕೊಡೋ ಯೋಚನೆ ಇದ್ರೆ ನನ್ನ ಅನುಭವದಿಂದ ಒಂದೆರಡು ಮಾತು. "ಇಂಥ ವಿಷಯದ ಬಗ್ಗೆ ಹುಡುಕಿ" ಅಂತ ಯಾವತ್ತೂ ಹೇಳಬೇಡಿ, ದಿನ ಓಡುತ್ತೆ ಮೀಟರ್ ಓಡುತ್ತೆ. ಯಾವ ಇಲಾಖೆ, ಯಾವ ಫಸಲಿ, ಯಾವ ತಾಲ್ಲೂಕು, ಊರಿನ ಹಳೇ ಸ್ಪೆಲ್ಲಿಂಗ್ ಏನೇನಿರಬಹುದು, ಇಷ್ಟು ಬರೆದು ಕೊಡಿ, ಅದಕ್ಕೆ ಹಳೇ ಮ್ಯಾನುಯಲ್ಲು ಗೆಜೆಟಿಯರ್ರು ಮೊದಲು ಓದ್ಕೊಂಡಿರಬೇಕು, ಅದು ಪುಕ್ಕಟೆ. ಟೇಬಲ್ ಇದ್ರೆ ಇದ್ದ ಹಾಗೇ, ಒಂದು ಕಾಲಮ್ಮೂ ಬಿಡದೆ, ಕೂಡಿಸದೆ ಕಳೆಯದೆ, ಕೆಳಗಿನ ಅಡಿಟಿಪ್ಪಣಿ ಸಮೇತ ಅಂತ ಬರವಣಿಗೆಯಲ್ಲಿ ಹೇಳಿ. ಲಗತ್ತು ಯಾವ ಭಾಷೆಯಲ್ಲಿದ್ರೂ ಮೊದಲು ಪುಟ ಎಣಿಸಿ ತಿಳಿಸಿ, ಆಮೇಲೆ ನಕಲು ಬೇಕಾ ಬೇಡ್ವಾ ನಾನು ಹೇಳ್ತೀನಿ ಅನ್ನಿ. ಮತ್ತೆ ದಯವಿಟ್ಟು ಕೇಳಿ, "ನಿಮಗೆ ಕನ್ನಡ ಓದೋಕೆ ಬರುತ್ತಾ" ಅಂತ.

ದಕ್ಷಿಣ ಕನ್ನಡದೋರಿಗೆ ಒಂದು ವಿಶೇಷ ಸೂಚನೆ: ಪಟ್ಟಾ ಲೆಕ್ಕ ನಮ್ಮ ಕಡೆಗೇ ಇಷ್ಟು ಮೋಸ ಮಾಡುತ್ತೆ ಅಂದ್ರೆ ನಿಮ್ಮ ಕಡೆ ಇನ್ನೂ ಜಾಸ್ತಿ. ವರ್ಗದಾರ ಒಬ್ಬ ಸರ್ಕಾರಕ್ಕೆ ಕಟ್ತಾನೆ, ಅವನ ಕೆಳಗೆ ಮೂಲಗೇಣಿಯೋರು (ಕಾಯಂ ಗೇಣಿದಾರರು), ಅವರ ಕೆಳಗೆ ಚಾಲಗೇಣಿಯೋರು (ಕಾಯಂ ಅಲ್ಲದ ಗೇಣಿದಾರರು), ಕಾಗದದಲ್ಲಿ ಕಾಣೋದು ಮೇಲಿನ ಒಬ್ಬನೇ. ಅಲ್ಲಿಗೆ ಕೋರ್ಟು ಮತ್ತು ರಿಜಿಸ್ಟ್ರೇಷನ್ ಕಾಗದವೇ ಗತಿ ಅಂತ ಯಜಮಾನರೇ ಹೇಳಿದ್ದು, ಮಂಗಳೂರಿನ ಒಬ್ಬರಿಗೆ ಹಿಂದೆ ಮಾಡ್ಕೊಟ್ಟಿದಾರಂತೆ.

ಮೂರೂವರೆ ಯಾಕೆ ಅಂದ್ರೆ, ಹುಡುಕೋದರಲ್ಲಿ ಐದಕ್ಕೆ ಐದು, ಪ್ರಾಮಾಣಿಕತೆಗೆ ಐದು, ಎಕ್ಸೆಲ್‌ಗೆ ಎರಡು, ಲಗತ್ತಿಗೆ ಸೊನ್ನೆ ಕೊಡ್ಬೇಕು, ಇನಾಮ್ ಫೋನ್ ಕಾಲ್ ನೆನೆಸ್ಕೊಂಡು ಎರಡು ಕೊಟ್ಟೆ.

ಮೇ ತಿಂಗಳಲ್ಲಿ ರಜೆ ಇದೆ, ನಾನೇ ಹೋಗ್ತಿದೀನಿ. ಚೆನ್ನೈ ಬಿಸಿಲಲ್ಲಿ ಮೇ ತಿಂಗಳು ಹೋಗೋನು ಮೂರ್ಖ ಅಂತ ಮೇಡಮ್ಮೇ ಹೇಳಿದ್ರು, ಆದ್ರೆ ಮೇಷ್ಟ್ರಿಗೆ ರಜೆ ಬರೋದೇ ಆವಾಗ. ಅವರನ್ನೂ ಎರಡು ದಿನಕ್ಕೆ ಬುಕ್ ಮಾಡಿದೀನಿ, 1,800ರ ಲೆಕ್ಕದಲ್ಲೇ, ಅಡ್ವಾನ್ಸ್ ಬೇಡ ಅಂದ್ರು. ಇಂಡೆಕ್ಸ್ ಅವರು ನೋಡ್ತಾರೆ, ಕನ್ನಡ ಲಗತ್ತು ನಾನು ಓದ್ತೀನಿ. ಮರಾಠಿ ಬಂದ್ರೆ ಏನ್ಮಾಡೋದು ಅಂತ ಇಬ್ಬರಿಗೂ ಗೊತ್ತಿಲ್ಲ, ಹಳೇ ಮರಾಠಿ ಬರೀತಿದ್ದ ಮೋಡಿ ಲಿಪಿ ಓದೋರು ಯಾರಾದ್ರೂ ಇದ್ರೆ ರೇಟ್ ಹೇಳಿ.